ವಾಪಸ್ ಮೇಷ್ಟ್ರ ಕೆಂಪು ಕುರ್ಚಿ

ವಿಮಾನ ಹಾರಿಸುವುದನ್ನು ಕಲಿಸುವ ಮನುಷ್ಯನಿಗೆ ಊರವರು ‘ವಾಪಸ್ ಮೇಷ್ಟ್ರು’ ಎಂದು ಹೆಸರಿಟ್ಟರೆ ಅವನ ಗತಿ ಏನಾಗಬೇಕು, ನೀವೇ ಹೇಳಿ. ಈಜು ಕಲಿಸುವವನನ್ನು ‘ಮುಳುಗಪ್ಪ’ ಎಂದು ಕರೆದ ಹಾಗಲ್ಲವೇ ಇದು? ಬೇರೆ ಯಾರಾದರೂ ಆಗಿದ್ದರೆ ಊರು ಬಿಡುತ್ತಿದ್ದರು, ಇಲ್ಲವೇ ಕೆಲಸ ಬಿಡುತ್ತಿದ್ದರು. ನಮ್ಮ ಮೇಷ್ಟ್ರು ಎರಡನ್ನೂ ಬಿಡಲಿಲ್ಲ. ದಾರಿಯಲ್ಲಿ ಯಾರಾದರೂ ಹಿಂದಿನಿಂದ “ವಾಪಸ್!” ಎಂದು ಕೂಗಿದರೆ ತಿರುಗಿ ನೋಡಿ, “ಏನಪ್ಪಾ, ಮನೇಲೆಲ್ಲ ಚೆನ್ನಾಗಿದಾರಾ?” ಎಂದು ಕೇಳುತ್ತಿದ್ದರು. ಕೂಗಿದವನ ಮುಖ ಹುಳ್ಳಗಾಗುತ್ತಿತ್ತು.

ಅವರ ಮೈದಾನ ಎಂದರೆ ದೊಡ್ಡ ವಿಮಾನ ನಿಲ್ದಾಣ ಎಂದುಕೊಂಡುಬಿಡಬೇಡಿ. ಗಾಜಿನ ಬಾಗಿಲು, ತಳ್ಳುವ ಗಾಡಿ, ನಗುನಗುತ್ತ ಟಿಕೆಟ್ ಕೇಳುವವರು, ಅಂಥದ್ದೇನೂ ಅಲ್ಲಿಲ್ಲ. ಒಂದು ತಗಡಿನ ಶೆಡ್ಡು. ಶೆಡ್ಡಿಗೆ ಅಂಟಿಕೊಂಡ ಆಫೀಸು ಕೋಣೆ. ಕೋಣೆಯೊಳಗೆ ಒಂದು ಮೇಜು, ಅದರ ಒಂದು ಕಾಲಿನ ಕೆಳಗೆ ಮಡಚಿಟ್ಟ ರಟ್ಟು. ಹೊರಗೆ ಕಂಬದ ಮೇಲೆ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ತೋರಿಸುವ ಬಟ್ಟೆಯ ಗಾಳಿಚೀಲ. ಅದರಾಚೆ ಹುಲ್ಲಿನ ರನ್‌ವೇ, ಉದ್ದ ಒಂಬೈನೂರು ಹೆಜ್ಜೆ. ರನ್‌ವೇ ಮುಗಿಯುವಲ್ಲಿ ಆಳವಾದ ಚರಂಡಿ, ಚರಂಡಿಯ ಆಚೆ ಒಬ್ಬ ಅಜ್ಜಿಯ ಎಲೆಕೋಸಿನ ತೋಟ. ಈ ಎಲೆಕೋಸನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಮೇಷ್ಟ್ರ ಬಾಳು ತಿರುಗಿದ್ದು ಅದರ ನಡುವೆಯೇ.

ಆಗ ಮೇಷ್ಟ್ರಿಗೆ ಇಪ್ಪತ್ತೇಳು ವರ್ಷ. ಮದುವೆಯಾಗಿ ಮೂರು ತಿಂಗಳು. ಅವರ ಅಣ್ಣ ಅದೇ ಶೆಡ್ಡಿನಲ್ಲಿ ಮೆಕ್ಯಾನಿಕ್. ಒಂದು ಭಾನುವಾರ ಮಧ್ಯಾಹ್ನ ಅಣ್ಣನನ್ನೂ ಅಣ್ಣನ ಇಬ್ಬರು ದಢೂತಿ ಗೆಳೆಯರನ್ನೂ ಕೂರಿಸಿಕೊಂಡು ಊರ ಮೇಲೆ ಒಂದು ಸುತ್ತು ಹಾಕಿಸುತ್ತೇನೆಂದು ಹೊರಟರು. ಹೆಂಡತಿ ನೋಡಲು ಬಂದಿದ್ದಳು; ಹೊಸ ಗಂಡನಿಗೆ ಇನ್ನೇನು ಬೇಕು? ಬಿಸಿಲು ಧಗಧಗ ಉರಿಯುತ್ತಿತ್ತು. ಬಿಸಿಲೇರಿದರೆ ಗಾಳಿ ತೆಳುವಾಗುತ್ತದೆ, ರೆಕ್ಕೆಗೆ ಹಿಡಿತ ಸಿಗುವುದಿಲ್ಲ, ಎಂಜಿನ್ನೂ ಏದುಸಿರು ಬಿಡುತ್ತದೆ. ಹಿಂದಿನ ದಿನ ಮಳೆ ಬಂದು ನೆಲ ಮೆತ್ತಗಿತ್ತು. ಗಾಳಿ ಬೇರೆ ಬೆನ್ನ ಹಿಂದಿನಿಂದ. ಇದೆಲ್ಲ ಮೇಷ್ಟ್ರಿಗೆ ಗೊತ್ತಿರಲಿಲ್ಲವೇ? ಎಲ್ಲ ಗೊತ್ತಿತ್ತು, ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದರು.

ಆ ವಿಮಾನ ನೆಲ ಬಿಡಬೇಕಾದರೆ ವೇಗದ ಮುಳ್ಳು ಅರವತ್ತಕ್ಕೆ ಬರಬೇಕು. ಅರ್ಧ ರನ್‌ವೇ ಮುಗಿದಾಗ ಮುಳ್ಳು ಮೂವತ್ತರಲ್ಲಿತ್ತು. ‘ಇನ್ನೇನು ಏಳುತ್ತದೆ’ ಎಂದುಕೊಂಡರು. ಮುಕ್ಕಾಲು ಮುಗಿದಾಗ ನಲವತ್ತು. ‘ಇನ್ನೇನು, ಇನ್ನೇನು.’ ಚರಂಡಿ ಕಣ್ಣಿಗೆ ಬಿತ್ತು. ಆಗ ನಿಲ್ಲಿಸಲು ಜಾಗವೂ ಇರಲಿಲ್ಲ, ಏಳಲು ವೇಗವೂ ಇರಲಿಲ್ಲ. ವಿಮಾನ ಕೋಳಿ ಹಾರಿದಷ್ಟು ಹಾರಿ ಚರಂಡಿ ದಾಟಿ, ಎಲೆಕೋಸಿನ ನಾಲ್ಕು ಸಾಲುಗಳನ್ನು ಗುಡಿಸಿಕೊಂಡು ಹೋಗಿ ಮೂಗು ಮಣ್ಣಿಗೆ ಹೂತು ನಿಂತಿತು.

ತೋಟದ ಅಜ್ಜಿ ಸೊಂಟಕ್ಕೆ ಕೈಯಿಟ್ಟುಕೊಂಡು ಬಂದು ನೋಡಿದಳು. “ಉಳೋಕೆ ನಾನು ಹೇಳಿದ್ದು ಮುಂದಿನ ತಿಂಗಳಿಗಲ್ವೇನಪ್ಪಾ? ಇಷ್ಟು ಬೇಗ ಯಾಕೆ ಬಂದೆ?” ಎಂದಳು.

ಯಾರೂ ಸಾಯಲಿಲ್ಲ, ಪುಣ್ಯ. ಗೆಳೆಯರಿಬ್ಬರಿಗೆ ತರಚು ಗಾಯ. ಅಣ್ಣನ ಮುಂದಿನ ಎರಡು ಹಲ್ಲು ಮಾತ್ರ ಹೋದವು. ಅಂದಿನಿಂದ ಅಣ್ಣ ಸಿಟ್ಟು ಬಂದು ಮಾತಾಡಿದರೆ ಆ ಸಂದಿಯಿಂದ ಸಿಳ್ಳೆ ಕೇಳುತ್ತದೆ. ಅವನು ಬೈಯಲು ಶುರುಮಾಡಿದರೆ ಎದುರಿದ್ದವರಿಗೆ ನಗು ತಡೆಯಲಾಗುವುದಿಲ್ಲ. ಆದರೆ ಮೇಷ್ಟ್ರು ಮೂರು ತಿಂಗಳು ಅಣ್ಣನ ಬಾಯಿಯ ಕಡೆ ನೋಡಲಿಲ್ಲ. ಒಟ್ಟಿಗೆ ಊಟಕ್ಕೆ ಕೂತರೆ ತಟ್ಟೆಯನ್ನೇ ನೋಡಿಕೊಂಡು ತಿನ್ನುತ್ತಿದ್ದರು. ಎಂಜಿನ್ ಕೈಕೊಟ್ಟಿದ್ದರೆ ಎಂಜಿನ್ನನ್ನು ಬೈದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಎಂಜಿನ್ ಸರಿಯಾಗಿಯೇ ಇತ್ತು. ಮುಳ್ಳು ಸುಳ್ಳು ಹೇಳಿರಲಿಲ್ಲ. ಸುಳ್ಳು ಹೇಳಿದ್ದು ತನ್ನೊಳಗೇ ಕೂತಿದ್ದ ‘ಇನ್ನೇನು’ ಎಂಬ ಒಂದು ಮಾತು.

ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರೆ. ಎಷ್ಟೋ ಜನಕ್ಕೆ ಕೆಟ್ಟ ಮೇಲೂ ಬರುವುದಿಲ್ಲ. ಮೇಷ್ಟ್ರಿಗೆ ಬಂತು, ಸ್ವಲ್ಪ ಜಾಸ್ತಿಯೇ ಬಂತು. ಅಣ್ಣ ಆರು ತಿಂಗಳು ತಿಣುಕಾಡಿ ಅದೇ ವಿಮಾನವನ್ನು ಮತ್ತೆ ಎಬ್ಬಿಸಿ ನಿಲ್ಲಿಸಿದ. ಪೈಲಟ್ ಕೂರುವ ಸೀಟು ಮಾತ್ರ ಸೊಟ್ಟಗಾಗಿತ್ತು, ಹೊಸದು ಹಾಕಿದರು. ಹಳೆಯ ಸೀಟಿಗೆ ಮೇಷ್ಟ್ರು ನಾಲ್ಕು ಕಬ್ಬಿಣದ ಕಾಲು ಬೆಸೆಸಿದರು, ಕೆಂಪು ಬಣ್ಣ ಬಳಿದರು, ಹೊತ್ತುಕೊಂಡು ಹೋಗಿ ರನ್‌ವೇಯ ನಡುಮಧ್ಯಕ್ಕೆ, ನಾನೂರೈವತ್ತನೆಯ ಹೆಜ್ಜೆಗೆ, ಹುಲ್ಲಿನ ಅಂಚಿನಲ್ಲಿ ಇಟ್ಟರು. ಕುರ್ಚಿ ಬರುವಷ್ಟರಲ್ಲಿ ಮುಳ್ಳು ನಲವತ್ತೈದಕ್ಕೆ ಬಂದಿರಬೇಕು, ಅಂದರೆ ಅರ್ಧ ದಾರಿಗೆ ಮುಕ್ಕಾಲು ವೇಗ. ಬಂದಿಲ್ಲವೋ, ಎಂಜಿನ್ನಿನ ಹಿಡಿ ಹಿಂದಕ್ಕೆಳೆ, ಬ್ರೇಕು ಒತ್ತು, ವಾಪಸ್. ಚರ್ಚೆಯಿಲ್ಲ, ಅಪೀಲಿಲ್ಲ. ಆ ಕುರ್ಚಿಯಲ್ಲಿ ಮೇಷ್ಟ್ರು ಮಾತ್ರ ಒಂದು ದಿನವೂ ಕೂರಲಿಲ್ಲ.

ಅಷ್ಟಕ್ಕೇ ನಿಲ್ಲಿಸಿದ್ದರೆ ಹೆಂಡತಿ ಸುಮ್ಮನಿರುತ್ತಿದ್ದಳೋ ಏನೋ. ಮನೆಯಲ್ಲೂ ಕಾನೂನು ಬಂತು: ಯಾರ ಬಾಯಿಂದ ‘ಇನ್ನೇನು’ ಎಂಬ ಮಾತು ಬೀಳುತ್ತದೋ ಆ ದಿನದ ಪಾತ್ರೆಯೆಲ್ಲ ಅವರೇ ತೊಳೆಯಬೇಕು. “ಇನ್ನೇನು ಅನ್ನ ಆಯ್ತು” ಎಂದರೆ ಪಾತ್ರೆ. “ಇನ್ನೇನು ಬಸ್ಸು ಬಂತು” ಎಂದರೆ ಪಾತ್ರೆ. ಮೂವತ್ತೊಂದು ವರ್ಷದಲ್ಲಿ ಹೆಂಡತಿ ಎಷ್ಟು ಸಲ ಸಿಕ್ಕಿಬಿದ್ದಳೋ ಲೆಕ್ಕವಿಲ್ಲ, ಮಗಳು ಸಿಕ್ಕಿಬಿದ್ದಳು, ಊಟಕ್ಕೆ ಬಂದ ಅಣ್ಣನೂ ಸಿಕ್ಕಿಬಿದ್ದು ಸಿಳ್ಳೆ ಹಾಕುತ್ತ ಪಾತ್ರೆ ಉಜ್ಜಿದ. ಮೇಷ್ಟ್ರು ಮಾತ್ರ ಒಂದು ಸಲವೂ ಸಿಕ್ಕಲಿಲ್ಲ. ಅವರ ಕೈ ಪಾತ್ರೆಯ ಸೋಪನ್ನೇ ಕಂಡದ್ದಿಲ್ಲ. “ಈ ಮನುಷ್ಯ ಈ ಕಾನೂನು ಮಾಡಿದ್ದು ವಿಮಾನಕ್ಕಲ್ಲ, ಪಾತ್ರೆ ತಪ್ಪಿಸ್ಕೊಳ್ಳೋಕೆ” ಎಂದು ಹೆಂಡತಿ ಹೇಳುತ್ತಿದ್ದಳು. ಅದರಲ್ಲಿ ಸ್ವಲ್ಪ ನಿಜವಿದ್ದರೂ ಇರಬಹುದು.

ಊರಿಗೆ ಮಾತ್ರ ತಮಾಷೆಯೋ ತಮಾಷೆ. ನಗರಸಭೆಯ ಅಧ್ಯಕ್ಷರು ಊರನ್ನು ಮೇಲಿನಿಂದ ನೋಡಬೇಕೆಂದು ಪತ್ರಿಕೆಯವರನ್ನು ಕಟ್ಟಿಕೊಂಡು ಬಂದ ದಿನದ ಕಥೆಯನ್ನು ಈಗಲೂ ಹೇಳಿಕೊಂಡು ಹೊಟ್ಟೆ ಹುಣ್ಣಾಗುವಂತೆ ನಗುತ್ತಾರೆ. ಮೇಷ್ಟ್ರು ಯಾರನ್ನಾದರೂ ಸರಿ, ಆಲೂಗಡ್ಡೆ ಮೂಟೆ ತೂಗುವ ತಕ್ಕಡಿಯ ಮೇಲೆ ನಿಲ್ಲಿಸಿಯೇ ಹತ್ತಿಸುವುದು. ಅಧ್ಯಕ್ಷರು ನಿಲ್ಲಲಿಲ್ಲ, ದೊಡ್ಡವರ ತೂಕ ಕೇಳಬಾರದಂತೆ. ಬಾಯಲ್ಲಿ ಒಂದು ತೂಕ ಹೇಳಿದರು. ಪಕ್ಕದಲ್ಲಿ ಅಳಿಯ ಬೇರೆ. ವಿಮಾನ ಓಡಿತು, ಕೆಂಪು ಕುರ್ಚಿ ಬಂತು, ವಾಪಸ್. ಎರಡನೆಯ ಸಲ ವಾಪಸ್. ಮೂರನೆಯ ಸಲವೂ ವಾಪಸ್ ಬಂದಾಗ ಅಧ್ಯಕ್ಷರ ಮುಖ ಕೆಂಪು ಕುರ್ಚಿಗಿಂತ ಕೆಂಪಾಗಿತ್ತು.

“ಏನ್ರೀ ಇದು? ಬಸ್ ಡ್ರೈವರ್ ಆಗಬೇಕಿತ್ತು ನೀವು!” ಎಂದರು.

“ಸಾರ್, ನಾಳೆ ಬೆಳಿಗ್ಗೆ ತಣ್ಣಗಿರುವಾಗ ಬನ್ನಿ,” ಎಂದರು ಮೇಷ್ಟ್ರು. “ಇಲ್ಲಾಂದ್ರೆ ಅಳಿಯಂದಿರನ್ನ ಇಳಿಸಿ. ತೂಕ ನೀವು ಹೇಳಿದಷ್ಟೇ ಇರಬಹುದು, ಆದರೆ ವಿಮಾನ ನಂಬ್ತಿಲ್ಲ.”

ಅಳಿಯ ಮಾವನ ಅಪ್ಪಣೆಗೂ ಕಾಯದೆ ಇಳಿದು ನಿಂತ. ಪತ್ರಿಕೆಯಲ್ಲಿ ಮಾರನೆಯ ದಿನ ಅಧ್ಯಕ್ಷರು ವಿಮಾನ ಹತ್ತುವ ಚಿತ್ರ ಮೂರು, ಇಳಿಯುವ ಚಿತ್ರ ಮೂರು ಬಂದವು, ಹಾರುವ ಚಿತ್ರ ಒಂದೂ ಇಲ್ಲ. ‘ಕುಣಿಯಲಾರದವಳು ನೆಲ ಡೊಂಕು ಅಂದಳಂತೆ’ ಎಂದು ಊರೆಲ್ಲ ಮೇಷ್ಟ್ರನ್ನು ಆಡಿಕೊಂಡಿತು. ಆಡಿಕೊಳ್ಳಲಿ ಬಿಡಿ, ಅವರ ಅಪ್ಪನ ಮನೆ ಗಂಟೇನು ಹೋಗುತ್ತದೆ? ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು. ಅಣ್ಣ ಶೆಡ್ಡಿನ ಬಾಗಿಲ ಮೇಲೆ ಪ್ರತಿ ವಾಪಸಿಗೂ ಸುಣ್ಣದ ಕಡ್ಡಿಯಲ್ಲಿ ಒಂದೊಂದು ಗೀಟು ಹಾಕುತ್ತ ಬಂದ. ಒಟ್ಟು ನಲವತ್ತಾರು ಗೀಟು. ಆ ನಲವತ್ತಾರರಲ್ಲಿ ಒಬ್ಬನ ಒಂದು ಹಲ್ಲೂ ಹೋಗಲಿಲ್ಲ. ತೋಟದ ಅಜ್ಜಿಗೆ ಈಗ ತೊಂಬತ್ತರ ಹತ್ತಿರ. ಅವಳು ಮಾತ್ರ ಎದುರು ಸಿಕ್ಕಾಗಲೆಲ್ಲ, “ಈ ವರ್ಷವಾದ್ರೂ ಉಳೋಕೆ ಬರ್ತೀಯೇನಪ್ಪಾ?” ಎಂದು ಕೇಳುವುದನ್ನು ಬಿಡಲಿಲ್ಲ.

ಊರಿನ ಮಾತು ಮೇಷ್ಟ್ರಿಗೆ ತಟ್ಟಲಿಲ್ಲ. ತಟ್ಟಿದ್ದು ಮನೆಯವರಿಗೆ. ಹೆಂಡತಿ ಆ ಕೆಂಪು ಕುರ್ಚಿಯನ್ನು ಸವತಿಯ ಹಾಗೆ ನೋಡುತ್ತಿದ್ದಳು. “ಒಂದು ಸಲನಾದ್ರೂ ನೆಟ್ಟಗೆ ಹೋಗ್ಬಾರ್ದೇನ್ರೀ? ಸಂತೆಯಲ್ಲಿ ಮುಖ ಎತ್ಕೊಂಡು ನಡೆಯೋ ಹಾಗಿಲ್ಲ” ಎನ್ನುತ್ತಿದ್ದಳು. ಮಗಳಿಗೆ ಶಾಲೆಯಲ್ಲೇ ‘ವಾಪಸ್ ಮರಿ’ ಎಂದು ಹೆಸರು ಬಿದ್ದಿತ್ತು. ಆಟದಲ್ಲಿ ಚೆಂಡು ವಾಪಸ್ ಕೊಟ್ಟರೂ ನಗು, ಅಂಗಡಿಯಲ್ಲಿ ಚಿಲ್ಲರೆ ವಾಪಸ್ ಕೇಳಿದರೂ ನಗು. ಅವಳು ಹಲ್ಲು ಕಚ್ಚಿಕೊಂಡು ಬೆಳೆದಳು. ಬೆಳೆದವಳು ಏನು ಮಾಡಿದಳು? ಅಪ್ಪನ ಹತ್ತಿರವೇ ಬಂದು, ಅಪ್ಪನ ವಿಮಾನದಲ್ಲೇ ಹಾರುವುದನ್ನು ಕಲಿತಳು. ರಕ್ತ ಎಲ್ಲಿಗೆ ಹೋಗುತ್ತದೆ ಹೇಳಿ.

ಕೈ ಚೆನ್ನಾಗಿತ್ತು ಅವಳದು. ವಿಮಾನವನ್ನು ಮಗುವನ್ನು ಇಳಿಸಿದ ಹಾಗೆ ನೆಲಕ್ಕಿಳಿಸುತ್ತಿದ್ದಳು. ಆದರೆ ಪಾಠದ ವೇಳೆ ಕುರ್ಚಿ ಹತ್ತಿರ ಬಂದಾಗಲೆಲ್ಲ ಪಕ್ಕದಲ್ಲಿ ಕೂತ ಮೇಷ್ಟ್ರು ಅವಳ ದವಡೆ ಬಿಗಿಯುವುದನ್ನು ನೋಡುತ್ತಿದ್ದರು. ವಾಪಸ್ ಎಂದರೆ ಅವಳಿಗೆ ಸೋಲು. ಅಪ್ಪ ಪಕ್ಕದಲ್ಲಿದ್ದಾನೆಂದು ನಿಲ್ಲಿಸುತ್ತಿದ್ದಳೇ ಹೊರತು ತಾನಾಗಿ ನಿಲ್ಲಿಸಿದಳೆಂದು ಮೇಷ್ಟ್ರಿಗೆ ಒಮ್ಮೆಯೂ ಅನ್ನಿಸಲಿಲ್ಲ. ತಾನು ಪಕ್ಕದಲ್ಲಿ ಇಲ್ಲದ ದಿನ ಏನು ಮಾಡುತ್ತಾಳೆ? ಈ ಒಂದು ಪ್ರಶ್ನೆ ಅವರ ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು.

ಆ ದಿನ ಬಂದೇಬಂತು. ಬೆಟ್ಟದ ಊರುಗಳಿಗೆ ಔಷಧಿ ಒಯ್ಯುವ ಒಂದು ಕಂಪನಿ ಅವಳಿಗೆ ಕೆಲಸ ಕೊಡಲು ತಯಾರಿತ್ತು, ಲೈಸೆನ್ಸಿನ ಪರೀಕ್ಷೆ ಪಾಸಾದರೆ. ಪರೀಕ್ಷಕರು ಈ ಕಡೆಗೆ ಬರುವುದು ಆರು ತಿಂಗಳಿಗೊಮ್ಮೆ. ಅವರ ಬಗ್ಗೆ ಸುದ್ದಿ ಮೊದಲೇ ಬಂದಿತ್ತು: ಮಾತು ಕಮ್ಮಿ, ಮುಖದಲ್ಲಿ ನಗು ಅದಕ್ಕಿಂತ ಕಮ್ಮಿ, ತಡವರಿಸುವವರನ್ನು ಕಂಡರೆ ಆಗುವುದಿಲ್ಲ. ಪರೀಕ್ಷೆಯ ಹೊತ್ತಿನಲ್ಲಿ ಮೇಷ್ಟ್ರು ರನ್‌ವೇ ಹತ್ತಿರ ಸುಳಿಯಬಾರದು, ಶೆಡ್ಡಿನಲ್ಲೇ ಇರಬೇಕು. ಹೆಂಡತಿಯಂತೂ ಮೈದಾನಕ್ಕೆ ಕಾಲೇ ಇಡಬಾರದು ಎಂದು ಮಗಳೇ ಆಜ್ಞೆ ಮಾಡಿದ್ದಳು. “ನೀನು ಬಂದ್ರೆ ನನಗೆ ಕೈ ನಡುಗುತ್ತೆ ಅಮ್ಮ, ದಮ್ಮಯ್ಯ ಬರಬೇಡ.”

ಬೆಳಿಗ್ಗೆ ನಿಂತುಕೊಂಡೇ ಚಹಾ ಕುಡಿಯುತ್ತ ಮಗಳು ಹೇಳಿದಳು: “ಅಪ್ಪ, ಇವತ್ತು ವಾಪಸ್ ಅನ್ನೋ ಮಾತೇ ಇಲ್ಲ. ಒಂದೇ ಸಲ, ನೆಟ್ಟಗೆ ಮೇಲಕ್ಕೆ.”

ಮೇಷ್ಟ್ರು ಲೋಟ ಕೆಳಗಿಟ್ಟರು. ಹಾಗನ್ನಬೇಡ ಮಗಳೇ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಯಾಕೆಂದರೆ, ಸುಳ್ಳು ಯಾಕೆ, ಅವರಿಗೂ ಅದೇ ಆಸೆಯಿತ್ತು. ಮಗಳು ಒಂದೇ ಸಲಕ್ಕೆ ಎದ್ದು ಹೋಗಲಿ, ಊರು ಬಾಯಿ ಮುಚ್ಚಿಕೊಳ್ಳಲಿ ಎಂದು ಎಲ್ಲ ಅಪ್ಪಂದಿರಂತೆ ಅವರೂ ಆಸೆಪಟ್ಟರು.

ಎಂಟಕ್ಕೆ ಬರಬೇಕಾದ ಪರೀಕ್ಷಕರು ಕಾರು ಕೆಟ್ಟು ಹನ್ನೆರಡಕ್ಕೆ ಬಂದರು. ಎತ್ತರದ ಆಳು, ಮೈಕಟ್ಟೂ ಅದಕ್ಕೆ ತಕ್ಕಂತೆ. ಕೈಯಲ್ಲಿ ಕಾಗದ ಸಿಕ್ಕಿಸಿದ ರಟ್ಟು, ಜೊತೆಗೆ ಫೈಲು ತುಂಬಿದ ಭಾರದ ಪೆಟ್ಟಿಗೆ. ಮಗಳು ಅವರನ್ನೂ ಪೆಟ್ಟಿಗೆಯನ್ನೂ ತಕ್ಕಡಿಯ ಮೇಲೆ ನಿಲ್ಲಿಸಿದಳು. ಅಧ್ಯಕ್ಷರಂತೆ ಹಟ ಮಾಡಲಿಲ್ಲ ಅವರು, ಸುಮ್ಮನೆ ನಿಂತರು. ಲೆಕ್ಕ ಹಾಕಿದಳು. ಸರಿಹೋಗುತ್ತದೆ, ಆದರೆ ಬಿಗಿಯಾಗಿ. ರಾತ್ರಿಯ ಮಳೆಗೆ ಹುಲ್ಲು ಇನ್ನೂ ಒದ್ದೆ, ಮೇಲೆ ಬಿಸಿಲು ಏರುತ್ತಿತ್ತು. ಮೇಷ್ಟ್ರು ಶೆಡ್ಡಿನ ಬಾಗಿಲಲ್ಲಿ ನಿಂತು ಉಗುರು ಕಚ್ಚುತ್ತಿದ್ದರು. ಒಳಗೆ ಅಣ್ಣ ಆಫೀಸಿನ ರೇಡಿಯೊದ ಹೊಟ್ಟೆ ಬಿಚ್ಚಿ ಮೇಜಿನ ಮೇಲೆ ಹರಡಿಕೊಂಡಿದ್ದ; ಪರೀಕ್ಷೆಯ ದಿನ ಮಾತು ಸ್ಪಷ್ಟವಾಗಿ ಕೇಳಲಿ ಎಂದು ಬೆಳಿಗ್ಗೆ ಸ್ವಚ್ಛ ಮಾಡಲು ಕೂತವನು ಇನ್ನೂ ಮುಗಿಸಿರಲಿಲ್ಲ.

ವಿಮಾನ ರನ್‌ವೇಯ ತುದಿಗೆ ಹೋಗಿ ನಿಂತಿತು. ಎಂಜಿನ್ ಗುಡುಗಿತು. ಅಷ್ಟರಲ್ಲಿ ಕಂಬದ ಮೇಲಿನ ಗಾಳಿಚೀಲ ಸೋತು ಜೋತುಬಿದ್ದು, ಮೆಲ್ಲಗೆ ಚರಂಡಿಯ ಕಡೆಗೆ ಹೊರಳಿತು. ಗಾಳಿ ತಿರುಗಿ ವಿಮಾನದ ಬೆನ್ನಿಗೆ ಬಂದಿತ್ತು. ಪರವಾಗಿಲ್ಲ, ಕುರ್ಚಿ ಇದೆಯಲ್ಲ ಎಂದುಕೊಂಡು ಮೇಷ್ಟ್ರು ಕುರ್ಚಿಯ ಕಡೆ ಕಣ್ಣು ಹಾಯಿಸಿದರು.

ಕುರ್ಚಿ ಇರಲಿಲ್ಲ.

ಅಂದರೆ ಅಲ್ಲಿರಲಿಲ್ಲ. ಅಲ್ಲಿಂದ ನೂರೈವತ್ತು ಹೆಜ್ಜೆ ಮುಂದೆ, ರನ್‌ವೇ ಪಕ್ಕದ ದೊಡ್ಡ ಮರದ ನೆರಳಿನಲ್ಲಿತ್ತು. ಅದರ ಮೇಲೆ ಯಾರೋ ಕೂತಿದ್ದರು. ತೊಡೆಯ ಮೇಲೆ ಹಳದಿ ಚೀಲ. ಆ ಹಳದಿ ಚೀಲವನ್ನು ಮೇಷ್ಟ್ರು ಹತ್ತು ವರ್ಷದಿಂದ ತರಕಾರಿ ತುಂಬಿಸಿ ಹೊತ್ತಿದ್ದರು.

“ಅಯ್ಯೋ ಇವಳ ಮನೆ ಕಾಯ!” ಎಂದು ಮೇಷ್ಟ್ರು ಚೀರಿದರು.

ತಾಯಿಯ ಕರುಳು ತಡೆಯಲಿಲ್ಲ; ಎಲೆಕೋಸಿನ ತೋಟದ ಕಡೆಯಿಂದ ಕದ್ದು ಬಂದಿದ್ದಾಳೆ. ಮಂಡಿ ನೋವು, ನೆಲ ಒದ್ದೆ, ಬಿಸಿಲೆಂದರೆ ಮೊದಲೇ ಆಗದು. ಮೂವತ್ತೊಂದು ವರ್ಷದಿಂದ ಬಿಸಿಲಲ್ಲಿ ನಿಂತಿದ್ದ ಸವತಿಯನ್ನು ದರದರ ಎಳೆದುಕೊಂಡು ಹೋಗಿ ನೆರಳಿಗೆ ಹಾಕಿ ಕೂತಿದ್ದಾಳೆ! ಮಗಳ ಕಣ್ಣಿಗೆ ಈಗ ಅದೇ ಅರ್ಧ ದಾರಿ. ಅಲ್ಲಿ ಬಂದ ಮೇಲೆ ಹಿಡಿ ಎಳೆದರೆ ಈ ಒದ್ದೆ ಹುಲ್ಲಿನಲ್ಲಿ ಬ್ರೇಕು ಹಿಡಿಯುವುದಿಲ್ಲ, ನೇರ ಚರಂಡಿ. ಎಳೆಯದೆ ‘ಇನ್ನೇನು’ ಎಂದುಕೊಂಡಳೋ, ಮುಗಿಯಿತು. ಈ ಸಲ ಹಲ್ಲಿಗೇ ನಿಲ್ಲುತ್ತದೆಂದು ಯಾರು ಹೇಳಬೇಕು?

“ಅಣ್ಣಾ, ರೇಡಿಯೊ!”

ಅಣ್ಣ ಕೈಯಲ್ಲಿ ಎರಡು ಸ್ಕ್ರೂ ಹಿಡಿದು ಮೇಲೆ ನೋಡಿದ. ಅವನನ್ನು ಬೈಯಲೂ ಹೊತ್ತಿರಲಿಲ್ಲ. ವಿಮಾನ ಓಡಲು ಶುರುಮಾಡಿತ್ತು.

ಮೇಷ್ಟ್ರು ಹೆಗಲ ಮೇಲಿನ ಟವೆಲ್ ಕಿತ್ತುಕೊಂಡು ಬೀಸುತ್ತ ಓಡಿದರು. ಐವತ್ತೆಂಟು ವರ್ಷದ ಮನುಷ್ಯ, ಒಂದು ಚಪ್ಪಲಿ ಅಲ್ಲೇ, ಇನ್ನೊಂದು ಹತ್ತು ಹೆಜ್ಜೆಗೆ. “ನಿಲ್ಸೇ! ನಿಲ್ಸೇ ತಾಯಿ!” ಅಣ್ಣ ಹಿಂದಿನಿಂದ ಸಿಳ್ಳೆಯ ಜೊತೆ ಕೂಗಿದ: “ಲೋ ಸೋದಿಗಾ, ವಿಮಾನದ ಹಿಂದೆ ಓಡಿದ್ರೆ ಅವಳಿಗೆ ಹೆಂಗೋ ಕಾಣ್ಸುತ್ತೆ?” ಅದು ಮೇಷ್ಟ್ರಿಗೂ ಗೊತ್ತಿತ್ತು. ಕಾಲಿಗೆ ಗೊತ್ತಿರಲಿಲ್ಲ, ಅಷ್ಟೆ. ವಿಮಾನ ದೂರ ದೂರ ಹೋಗುತ್ತಿತ್ತು, ಚಕ್ರ ನೀರು ಸಿಡಿಸುತ್ತಿತ್ತು, ಓಟದಲ್ಲಿ ಹುರುಪಿಲ್ಲ ಎಂದು ಹಿಂದಿನಿಂದ ನೋಡಿದವರಿಗೇ ತಿಳಿಯುತ್ತಿತ್ತು. ಮೇಷ್ಟ್ರ ಕಾಲು ಜಾರಿತು. ದೊಪ್ಪನೆ ಮುಖ ಅಡಿಯಾಗಿ ಬಿದ್ದರು.

ಹುಲ್ಲಿಗೆ ಮುಖ ಹುದುಗಿಸಿಕೊಂಡು ಅವರಿಗೆ ಕೇಳುತ್ತಿದ್ದದ್ದು ಎಂಜಿನ್ನಿನ ಸದ್ದು ಮಾತ್ರ. ತಲೆ ಎತ್ತಲು ಧೈರ್ಯ ಬರಲಿಲ್ಲ. ಬೆಳಿಗ್ಗೆ ಚಹಾದ ಹೊತ್ತಿನಲ್ಲಿ ಒಂದು ಮಾತು ಹೇಳಿದ್ದರೆ ಎಂದುಕೊಂಡರು. ಅಣ್ಣನ ಬಾಯಿಯ ಆ ಸಂದಿ ಕಣ್ಣ ಮುಂದೆ ಬಂತು. ಸದ್ದು ಏರುತ್ತಲೇ ಇತ್ತು.

ಸದ್ದು ಇಳಿಯಿತು.

ಒಡೆದ ಸದ್ದಲ್ಲ, ಬಡಿದ ಸದ್ದಲ್ಲ. ಯಾರೋ ಬೇಕೆಂದೇ ಹಿಡಿ ಹಿಂದಕ್ಕೆಳೆದಾಗ ಇಳಿಯುವ ಸದ್ದು. ನಲವತ್ತಾರು ಸಲ ಕೇಳಿದ್ದ ಸದ್ದು. ಮೇಷ್ಟ್ರು ತಲೆ ಎತ್ತಿದರು. ಕುರ್ಚಿ ಮೂವತ್ತೊಂದು ವರ್ಷ ನಿಂತು ಹುಲ್ಲು ಬೆಳೆಯದೆ ಬೋಳಾಗಿದ್ದ ಜಾಗವನ್ನು ದಾಟಿ, ಅರ್ಧ ಜಾರುತ್ತ ಅರ್ಧ ಉರುಳುತ್ತ ಹೋದ ವಿಮಾನ ಮರಕ್ಕಿಂತ ಸ್ವಲ್ಪ ಈಚೆಗೇ ನಿಂತಿತು. ಅದರಾಚೆ ಇನ್ನೂ ಮುನ್ನೂರು ಹೆಜ್ಜೆ ಹುಲ್ಲು ಖಾಲಿ ಬಿದ್ದಿತ್ತು.

ಅಣ್ಣನೂ ಮೇಷ್ಟ್ರೂ ಏದುಸಿರು ಬಿಡುತ್ತ ಅಲ್ಲಿಗೆ ತಲುಪುವಷ್ಟರಲ್ಲಿ ಪರೀಕ್ಷಕರು ಕೆಳಗಿಳಿದು ರಟ್ಟು ಹಿಡಿದು ನಿಂತಿದ್ದರು. ಮಗಳು ಎದುರಿಗೆ, ಮುಖ ಬಿಳುಚಿಕೊಂಡು.

“ಯಾಕಮ್ಮಾ ನಿಲ್ಲಿಸಿದೆ?” ಎಂದರು ಪರೀಕ್ಷಕರು. “ಕೆಂಪು ಕುರ್ಚಿ ಬಂದ ಮೇಲೆ ನಿರ್ಧಾರ ಮಾಡ್ತೀನಿ ಅಂತ ನೀನೇ ಹೇಳಿದ್ದೆ. ಕುರ್ಚಿ ಇನ್ನೂ ಬಂದಿರಲಿಲ್ಲ.”

“ಕುರ್ಚಿ ಮೇಲೆ ನಮ್ಮಮ್ಮ ಕೂತಿದ್ರು ಸಾರ್.”

“ಕೂತಿದ್ರೆ?”

“ನಮ್ಮಮ್ಮ ಬಿಸಿಲಲ್ಲಿ ಕೂರೋರಲ್ಲ ಸಾರ್. ಕುರ್ಚಿ ಇರಬೇಕಾದ್ದು ಬಿಸಿಲಲ್ಲಿ. ಅಮ್ಮ ಅದರ ಮೇಲೆ ಕೂತಿದಾರೆ ಅಂದ್ರೆ ಅದು ಅದರ ಜಾಗದಲ್ಲಿಲ್ಲ. ಅರ್ಧ ಎಲ್ಲಿದೆ ಅಂತಾನೇ ಗೊತ್ತಾಗಲಿಲ್ಲ. ಮುಳ್ಳು ನೋಡಿದೆ, ಮೂವತ್ತೆಂಟು. ಎಳೆದುಬಿಟ್ಟೆ.” ತಲೆ ಎತ್ತಿ ಅವರನ್ನೇ ನೋಡಿದಳು. “ಫೇಲ್ ಮಾಡಿದ್ರೂ ಸರಿ ಸಾರ್.”

ಪರೀಕ್ಷಕರು ರಟ್ಟನ್ನು ಕಂಕುಳಿಗೆ ಸಿಕ್ಕಿಸಿಕೊಂಡರು. ಬೋಳು ಜಾಗದ ತನಕ ಹೆಜ್ಜೆ ಎಣಿಸುತ್ತ ಹೋದರು, ಬಂದರು. ಮರದ ತನಕ ಹೋದರು, ಚರಂಡಿಗೆ ಬಗ್ಗಿ ನೋಡಿದರು, ಬಂದರು. ಆಮೇಲೆ ರಟ್ಟಿನ ಮೇಲಿನ ಕಾಗದವನ್ನೇ ದಿಟ್ಟಿಸಿದರು.

“ಹಾರಾಟದ ಅವಧಿ ಅಂತ ಒಂದು ಕಲಂ ಇದೆ,” ಎಂದರು. “ಸೊನ್ನೆ ನಿಮಿಷ ಅಂತ ಬರೆದು, ಮುಂದೆ ‘ತುಂಬಾ ಚೆನ್ನಾಗಿತ್ತು’ ಅಂತ ಬರೆದ್ರೆ ಆಫೀಸಲ್ಲಿ ನನ್ನ ತಲೆ ಪರೀಕ್ಷೆ ಮಾಡಿಸ್ತಾರೆ. ಗಾಳಿ ತಿರುಗಲಿ, ಬಿಸಿಲು ಇಳೀಲಿ. ಸಂಜೆ ನಾಲ್ಕಕ್ಕೆ ಉಳಿದದ್ದನ್ನ ಮುಗಿಸೋಣ.”

ಮರದ ಕಡೆಯಿಂದ ಹೆಂಡತಿ ಕುಂಟುತ್ತ ಬಂದಳು. ಏನಾಗಿದೆ ಎಂದು ಅವಳಿಗೆ ಇನ್ನೂ ತಿಳಿದಿರಲಿಲ್ಲ. “ಇವತ್ತೂ ವಾಪಸ್ಸಾ?” ಎಂದಳು. ಎಲ್ಲರೂ ಒಟ್ಟಿಗೆ ಬಾಯಿ ಬಿಟ್ಟು ಹೇಳಿದ ಮೇಲೆ ತಿಳಿಯಿತು. ಬಾಯಿಗೆ ಸೆರಗು ಒತ್ತಿಕೊಂಡು ಮಗಳನ್ನು ತಬ್ಬಿ ಅತ್ತಳು. ಅತ್ತು ಮುಗಿಸಿ ಗಂಡನ ಕಡೆ ತಿರುಗಿದಳು: “ಅದು ಅಷ್ಟು ಮುಖ್ಯವಾದ ಕುರ್ಚಿಯಾಗಿದ್ರೆ ನೆಲಕ್ಕೆ ಹೂತು ಇಡೋಕೇನಾಗಿತ್ತು ನಿಮಗೆ?” ಮೂವತ್ತೊಂದು ವರ್ಷದಲ್ಲಿ ಈ ಸರಳ ಸಂಗತಿ ಮೇಷ್ಟ್ರಿಗೆ ಹೊಳೆದಿರಲೇ ಇಲ್ಲ.

ಮೇಷ್ಟ್ರು ಮಗಳನ್ನು ಪಕ್ಕಕ್ಕೆ ಕರೆದರು. ಮುಖವೆಲ್ಲ ಕೆಸರು, ಕೈಯಲ್ಲಿನ್ನೂ ಟವೆಲ್. “ನಾನು ಕೈ ಬೀಸಿದ್ದು ಕಾಣಿಸ್ತಾ ನಿನಗೆ?” ಎಂದು ಮೆಲ್ಲಗೆ ಕೇಳಿದರು.

ಮಗಳು ಅವರ ಬರಿಗಾಲು ನೋಡಿದಳು. “ನೀವು ಎಲ್ಲಿದ್ರಿ ಅಪ್ಪ?”

ಮೇಷ್ಟ್ರಿಗೆ ಆದ ಸಂತೋಷಕ್ಕೆ ಅಳತೆಯಿರಲಿಲ್ಲ. ಆ ಸಂತೋಷದ ತಳದಲ್ಲಿ ಚೂರೇ ಚೂರು ನೋವೂ ಇತ್ತು, ಇರಲಿಲ್ಲವೆಂದರೆ ಸುಳ್ಳಾದೀತು. “ಇಲ್ಲೇ ಇದ್ದೆ ಬಿಡು” ಎಂದು ಹೇಳಿ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಅತ್ತ ಶೆಡ್ಡಿನಲ್ಲಿ ಅಣ್ಣ ನಲವತ್ತೇಳನೆಯ ಗೀಟು ಎಳೆಯಲು ಹೋದರೆ ಮಗಳು ಓಡಿಬಂದು ಕೈ ಹಿಡಿದಳು. “ದೊಡ್ಡಪ್ಪ, ಅದು ಅಪ್ಪಂದಲ್ಲ, ನಂದು. ಬೇರೆ ಕಡೆ ಹಾಕಿ, ಸ್ವಲ್ಪ ದೊಡ್ಡದಾಗೇ ಹಾಕಿ.”

ನಾಲ್ಕು ಗಂಟೆಗೆ ಗಾಳಿಚೀಲ ಸರಿಯಾದ ಕಡೆಗೆ ತಿರುಗಿತು. ಬೋಳು ಜಾಗದಲ್ಲಿ ಅಣ್ಣ ಒಂದು ಖಾಲಿ ಎಣ್ಣೆ ಡ್ರಮ್ಮಿಗೆ ಸುಣ್ಣ ಬಳಿದು ತಂದು ನಿಲ್ಲಿಸಿದ್ದ. ಕುರ್ಚಿ ನೆರಳಲ್ಲೇ ಇರಲಿ, ಅಮ್ಮನಿಗೆ ಬೇಕಾಗುತ್ತೆ ಎಂದಿದ್ದಳು ಮಗಳು. ಪರೀಕ್ಷಕರು ಹೂಂ ಎಂದ ಮೇಲೆ ಮೇಷ್ಟ್ರೂ ಮರದ ಕೆಳಗೆ ಬಂದು ನಿಂತರು. ಬಿದ್ದ ಏಟಿಗೆ ಮಂಡಿ ಒಡೆದು ಕುಂಟುತ್ತಿದ್ದರು. ಹೆಂಡತಿ ಎದ್ದಳು.

“ಕೂತ್ಕೊಳ್ಳಿ. ಕಾಲಲ್ಲಿ ಮತ್ತೆ ರಕ್ತ ಸುರೀತಿದೆ, ನೋಡ್ಕೊಂಡಿದೀರಾ?”

ಮೇಷ್ಟ್ರು ಕುರ್ಚಿಯನ್ನು ನೋಡಿದರು, ಹೆಂಡತಿಯನ್ನು ನೋಡಿದರು. ಆಮೇಲೆ ಮೆಲ್ಲಗೆ, ಬಿಸಿ ನೀರಿಗೆ ಇಳಿಯುವವರ ಹಾಗೆ, ಕೂತರು. ಅಷ್ಟರಲ್ಲಿ ವಿಮಾನ ಬಂತು. ಡ್ರಮ್ಮು ದಾಟುವಾಗಲೇ ಚಕ್ರ ಹಗುರಾಗಿತ್ತು, ಮರದ ಎದುರಿಗೆ ಬರುವಷ್ಟರಲ್ಲಿ ನೆಲ ಬಿಟ್ಟಿತ್ತು. ಚರಂಡಿಯ ಮೇಲೆ, ಎಲೆಕೋಸಿನ ಮೇಲೆ, ಕಣ್ಣಿಗೆ ಕೈ ಅಡ್ಡ ಹಿಡಿದು ನಿಂತಿದ್ದ ಅಜ್ಜಿಯ ಮೇಲೆ ಹಾದು, ಚಿಕ್ಕದಾಗುತ್ತ ಗುಡ್ಡದ ಆಚೆ ಮರೆಯಾಯಿತು. ಹೆಂಡತಿ ಗಂಡನ ಭುಜದ ಮೇಲೆ ಕೈಯಿಟ್ಟಳು.

ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು, ಅರ್ಧ ಗಂಟೆಯಾಯಿತು. ಗುಡ್ಡದ ಕಡೆ ಒಂದು ಹಕ್ಕಿಯೂ ಕಾಣಲಿಲ್ಲ.

“ಇನ್ನೂ ಬರಲಿಲ್ಲವಲ್ರೀ,” ಎಂದಳು ಹೆಂಡತಿ. ದನಿ ಸಣ್ಣಗಾಗಿತ್ತು.

“ಯಾಕೆ ಹೆದರ್ತೀಯ? ಇನ್ನೇನು, ಬರ್ತಾಳೆ,” ಎಂದರು ಮೇಷ್ಟ್ರು.

ಹೇಳಿದ ಮೇಲೆ ತಿಳಿಯಿತು. ಹೆಂಡತಿಯ ಕೈ ಭುಜದಿಂದ ಮೇಲೆದ್ದಿತು. ಅವಳು ನಿಧಾನವಾಗಿ ಕುರ್ಚಿಯ ಮುಂದಕ್ಕೆ ಬಂದು ನಿಂತು ಗಂಡನ ಮುಖವನ್ನು ಹೊಸದಾಗಿ ಕಂಡವಳಂತೆ ನೋಡಿದಳು. “ಭಾವಾ!” ಎಂದು ಶೆಡ್ಡಿನ ತನಕ ಕೇಳುವಂತೆ ಕೂಗಿದಳು. “ಸಾಕ್ಷಿಗೆ ಬನ್ನಿ ಭಾವಾ!”

ಮಗಳು ಬಂದಿಳಿದಳು, ಪಾಸಾದಳು. ಪರೀಕ್ಷಕರು ಹೋಗುವಾಗ ನಕ್ಕರು ಎಂದು ಅಣ್ಣ ಆಣೆಯಿಟ್ಟು ಹೇಳುತ್ತಾನೆ. ಅಂದು ಸಂಜೆ ಹೆಂಡತಿ ಅಟ್ಟದ ಮೇಲಿದ್ದ, ಮದುವೆಯಾದಾಗಿನಿಂದ ಬಳಸದ ಪಾತ್ರೆಗಳನ್ನೂ ಇಳಿಸಿ ಅಡುಗೆ ಮಾಡಿದಳು. ಊಟವಾದ ಮೇಲೆ ಮೇಷ್ಟ್ರು ತೋಳು ಮಡಚಿಕೊಂಡು ನಲ್ಲಿಯ ಮುಂದೆ ನಿಂತರು. ಸೋಪು ಯಾವ ಡಬ್ಬಿಯಲ್ಲಿದೆ ಎಂದು ಎರಡು ಸಲ ಕೇಳಬೇಕಾಯಿತು. ಮಗಳು ಒರೆಸುವ ಬಟ್ಟೆ ಹಿಡಿದು ಪಕ್ಕಕ್ಕೆ ಬಂದಳು.

“ಬಿಡಿ ಅಪ್ಪ, ನಾನು ತೊಳೀತೀನಿ.”

“ಬೇಡ,” ಎಂದರು ಮೇಷ್ಟ್ರು, ತಳ ಹತ್ತಿದ ದೊಡ್ಡ ಪಾತ್ರೆಯನ್ನು ತಮ್ಮ ಕಡೆಗೆ ಎಳೆದುಕೊಂಡು. “ಇವತ್ತು ಆ ಮಾತು ನಿನ್ನ ಬಾಯಿಂದ ಬರಲಿಲ್ಲ. ನನ್ನ ಬಾಯಿಂದ ಬಂತು.”